ಆಣೆ ಹಾಕಿಸಬೇಡ, ಸ್ಮಿತಾ

ಚಿ. ಸ್ಮಿತಾಳಿಗೆ,

ಮಳೆ ಹಿಡಿದಾಗಿನಿಂದ ನಿನ್ನ ದೊಡ್ಡಪ್ಪನ ಮಂಡಿನೋವು ಜಾಸ್ತಿಯಾಗಿದೆ. ಅಡಿಕೆಗೆ ಎರಡನೇ ಸಲ ಔಷಧಿ ಹೊಡೆಸಬೇಕು, ಹೊಳವೇ ಆಗುತ್ತಿಲ್ಲ. ಅದನ್ನು ಬಿಟ್ಟರೆ ಮನೆಯಲ್ಲಿ ವಿಶೇಷ ಏನಿಲ್ಲ.

ಮೊನ್ನೆ ರಾತ್ರಿ ನೀನು ಹಾಸ್ಟೆಲಿನ ವರಾಂಡದಿಂದ ಪಿಸುದನಿಯಲ್ಲಿ ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ ನನಗೇ ಸಮಾಧಾನವಾಗಲಿಲ್ಲ. "ಗಾಬರಿಯಾಗಬೇಡ, ಡಾಕ್ಟರಿಗೆ ತೋರಿಸೋಣ" ಎಂದಷ್ಟೇ ಹೇಳಿ ಫೋನ್ ಇಟ್ಟೆ. ಎದುರು ಬದುರು ಕೂತು ಮಾತಾಡಬೇಕಾದ ವಿಷಯ ಇದು. ಆಗದ್ದರಿಂದ ಈ ಕಾಗದ. ಮೇಷ್ಟರಿಕೆ ಮಾಡಿದವಳ ಮಾತು, ಸ್ವಲ್ಪ ಉದ್ದವಾದೀತು. ಸಾವಕಾಶವಾಗಿ ಓದಿಕೋ.

ನಿನ್ನ ಹಾಸ್ಟೆಲಿನ ಫಸ್ಟ್ ಪಿಯುಸಿಯ ಹುಡುಗಿ, ಹತ್ತನೇ ತರಗತಿಯಲ್ಲಿ ಅವರ ಶಾಲೆಗೇ ಮೊದಲು ಬಂದವಳು ಎಂದೆ. ನಿಮ್ಮಲ್ಲಿ ಮೊದಲ ಟೆಸ್ಟಿಗೇ ಕೆಳಗಿನ ಸೆಕ್ಷನ್ನಿಗೆ ಹಾಕಿದರಂತೆ. ಮಳೆಗಾಲದಲ್ಲೂ ಬೆವರಿಳಿಯುವ ಆ ಕರಾವಳಿಯಲ್ಲಿ ತುಂಬುತೋಳಿನ ಸ್ವೆಟರ್ ಬಿಚ್ಚದ ಹುಡುಗಿ, ಬಟ್ಟೆ ಒಗೆಯುವಾಗ ಒಮ್ಮೆ ತೋಳು ಮಡಚಿದಾಗ ಒಳಗಿನ ಗಾಯದ ಗೆರೆಗಳನ್ನು ನೀನು ನೋಡಿದೆ. ಬೆಕ್ಕು ಪರಚಿತು ಎಂದಳು. ಆಮೇಲೆ ಅತ್ತಳು. ಯಾರಿಗೂ ಹೇಳಬೇಡಿ ಮ್ಯಾಮ್ ಎಂದಳು. ಇಷ್ಟು ಹೇಳಿ ಕೊನೆಯಲ್ಲಿ ನೀನು ಕೇಳಿದೆ, "ಇನ್ನು ಮುಂದೆ ಹೀಗೆ ಮಾಡಲ್ಲ ಅಂತ ಅವಳ ಅಮ್ಮನ ಮೇಲೆ ಆಣೆ ಹಾಕಿಸಲಾ ದೊಡ್ಡಮ್ಮಾ?"

ನನ್ನ ನಿದ್ದೆ ಕೆಡಿಸಿದ್ದು ಆ ಮಾತು. ನಾನು ಅದನ್ನು ಮಾಡಿದವಳು.

ಆಗ ನಾನು ಘಟ್ಟದ ಮೇಲಿನ ಒಂದು ಹೈಸ್ಕೂಲಿನಲ್ಲಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮಣಿಕಟ್ಟಿಗೆ ಸದಾ ಕರ್ಚೀಫು ಸುತ್ತಿಕೊಂಡು ಬರುತ್ತಿದ್ದಳು. ಯಾವುದೋ ಸಿನಿಮಾ ನೋಡಿ ಕಲಿತ ಷೋಕಿ ಎಂದುಕೊಂಡಿದ್ದೆವು. ಒಂದು ದಿನ ಕರ್ಚೀಫು ಜಾರಿತು. ಸ್ಟಾಫ್ ರೂಮಿಗೆ ಕರೆದುಕೊಂಡು ಹೋಗಿ, ಸರಸ್ವತಿ ಪಟದ ಮುಂದೆ ನಿಲ್ಲಿಸಿ, ಹೆತ್ತ ತಾಯಿಯ ಮೇಲೆ ಆಣೆ ಹಾಕಿಸಿದೆ. ಅವಳು ತಕರಾರಿಲ್ಲದೆ ಆಣೆ ಮಾಡಿದಳು. ಮಾರನೆಯ ದಿನದಿಂದ ಕರ್ಚೀಫು ಇಲ್ಲ, ಮಣಿಕಟ್ಟು ಸ್ವಚ್ಛ. ಒಂದು ಮಗುವನ್ನು ತಿದ್ದಿದೆ ಎಂದು ನನಗೂ ಒಳಗೊಳಗೇ ಹೆಮ್ಮೆ.

ದಸರೆ ರಜೆ ಮುಗಿದ ಮೇಲೆ ಗೊತ್ತಾದದ್ದು, ಗಾಯಗಳು ಯೂನಿಫಾರ್ಮ್ ಮುಚ್ಚುವ ಜಾಗಕ್ಕೆ ಹೋಗಿದ್ದವು ಅಷ್ಟೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಆ ರಜೆಯಲ್ಲಿ ಅವಳ ತಾಯಿ ಜ್ವರ ಬಂದು ಹಾಸಿಗೆ ಹಿಡಿದಿದ್ದರು. ತಾನು ಆಣೆ ಮುರಿದದ್ದರಿಂದಲೇ ಅಮ್ಮನಿಗೆ ಹೀಗಾಯಿತು ಎಂದು ಹುಡುಗಿ ನಂಬಿಬಿಟ್ಟಿದ್ದಳು. ಇದ್ದ ದುಃಖ ಸಾಲದು ಎಂದು ಮೇಲೊಂದು ಪಾಪವನ್ನು ನಾನು ಅವಳ ತಲೆಗೆ ಕಟ್ಟಿದ್ದೆ. ಶಿವಮೊಗ್ಗದ ಡಾಕ್ಟರೊಬ್ಬರ ಕೈಗುಣ, ಅವಳ ಅಜ್ಜಿಯ ತಾಳ್ಮೆ, ಎರಡೂ ಸೇರಿ ಹುಡುಗಿ ಉಳಿದುಕೊಂಡಳು. ಈಗ ಅವಳ ಮಗನೇ ಹೈಸ್ಕೂಲಿಗೆ ಹೋಗುತ್ತಿದ್ದಾನೆ. ಸಿಕ್ಕಿದಾಗ ಚೆನ್ನಾಗಿ ಮಾತಾಡಿಸುತ್ತಾಳೆ. ಆಣೆಯ ವಿಚಾರ ಮಾತ್ರ ಇಬ್ಬರೂ ಎತ್ತುವುದಿಲ್ಲ.

ಅದಾದ ಮೇಲೆ ನಾನು ಒಂದಿಷ್ಟು ಓದಿದೆ, ತಿಳಿದವರನ್ನು ಕೇಳಿದೆ. ನಮ್ಮಲ್ಲಿ ತಮ್ಮ ಮೈಗೆ ತಾವೇ ಗಾಯ ಮಾಡಿಕೊಳ್ಳುವ ಇಂಥ ಮಕ್ಕಳ ಬಗ್ಗೆ ಬಾಯಿಗೆ ಮೊದಲು ಬರುವ ಮಾತು 'ನಾಟಕ'. ಇಲ್ಲದಿದ್ದರೆ 'ಸೊಕ್ಕು'. ಊರ ಕಡೆಯಾದರೆ ಗಾಳಿ ಸೋಕಿದೆ ಎಂದು ತಾಯತ. ನಾಟಕ ಆಡುವವರು ಜನ ನೋಡಲಿ ಎಂದು ಆಡುತ್ತಾರೆ ಮಾರಾಯ್ತಿ, ಸೆಕೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂರುವುದಿಲ್ಲ. ಈ ಮಕ್ಕಳು ಹೆಚ್ಚಿನವರು ಸಾಯಬೇಕೆಂದು ಹೀಗೆ ಮಾಡಿಕೊಳ್ಳುವುದಿಲ್ಲ. ಒಳಗಿನ ಸಂಕಟ ತಡೆಯಲಾರದಷ್ಟು ಏರಿದಾಗ ಮೈಯ ನೋವು ಒಂದು ಗಳಿಗೆ ಅದನ್ನು ಮರೆಸುತ್ತದೆ. ಕೆಲವರಿಗೆ ಏನೂ ಅನ್ನಿಸದಷ್ಟು ಮನಸ್ಸು ಮರಗಟ್ಟಿರುತ್ತದೆ, ಬದುಕಿದ್ದೇನೆ ಅನ್ನಿಸಲಿ ಎಂದು ಮಾಡಿಕೊಳ್ಳುತ್ತಾರೆ. ಇನ್ನು ಕೆಲವರು ತಮಗೆ ತಾವೇ ಶಿಕ್ಷೆ ಕೊಟ್ಟುಕೊಳ್ಳುತ್ತಾರೆ. ಕೆಳಗಿನ ಸೆಕ್ಷನ್ನಿಗೆ ಬಿದ್ದ ಜಾಣೆ ಈ ಮೂರರಲ್ಲಿ ಯಾವ ಗುಂಪಿನವಳೋ, ಅವಳೇ ಹೇಳಬೇಕು. ಗಾಯದಿಂದ ಸಿಗುವ ಆ ಸಮಾಧಾನ ಬಹಳ ಹೊತ್ತು ನಿಲ್ಲುವುದಿಲ್ಲ. ಹಿಂದೆಯೇ ನಾಚಿಕೆ ಬರುತ್ತದೆ, ನಾಚಿಕೆಯಿಂದ ಸಂಕಟ, ಸಂಕಟದಿಂದ ಮತ್ತೆ ಅದೇ. ಈ ಸುತ್ತಿನೊಳಗೆ ನಾವು ಹೋಗಿ ಇನ್ನಷ್ಟು ನಾಚಿಕೆ ಸುರಿದರೆ ಏನಾಗುತ್ತದೆ ನೀನೇ ಯೋಚಿಸು.

ಸಾಯಲು ಮಾಡಿದ್ದಲ್ಲವಲ್ಲ ಎಂದು ಹಗುರಾಗಿ ಬಿಡುವ ಹಾಗೂ ಇಲ್ಲ. ಹೀಗೆ ಮಾಡಿಕೊಳ್ಳುವ ಮಕ್ಕಳಿಗೆ ಮುಂದೆ ಜೀವದ ಅಪಾಯ ಉಳಿದವರಿಗಿಂತ ಹೆಚ್ಚು. ಆದ್ದರಿಂದ ಅವಳನ್ನು ನೇರವಾಗಿ ಕೇಳು. "ಸತ್ತುಹೋಗಬೇಕು ಅಂತ ಅನ್ನಿಸುತ್ತಾ ಮಗಾ? ಹೇಗೆ, ಯಾವಾಗ ಅಂತ ಯೋಚನೆ ಮಾಡಿದೀಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹತ್ತಿಸಿದ ಹಾಗಾಗುತ್ತದೆ ಎಂದು ನಾವೆಲ್ಲ ಹೆದರುತ್ತೇವೆ. ಹಾಗೆ ಆಗುವುದಿಲ್ಲ ಎಂದು ಈ ಬಗ್ಗೆ ಅಧ್ಯಯನ ಮಾಡಿದವರು ಕಂಡುಕೊಂಡಿದ್ದಾರೆ. ಯಾರಾದರೂ ಬಾಯಿಬಿಟ್ಟು ಕೇಳಿದರಲ್ಲ ಎಂದು ಎಷ್ಟೋ ಮಕ್ಕಳಿಗೆ ಎದೆ ಹಗುರಾಗುತ್ತದಂತೆ. ಹೌದು, ಹೀಗೆ ಹೀಗೆ ಅಂದುಕೊಂಡಿದ್ದೇನೆ ಎಂದು ಅವಳು ಅಂದರೆ ಆಮೇಲೆ ಒಂದು ನಿಮಿಷವೂ ಒಬ್ಬಳನ್ನೇ ಬಿಡಬೇಡ. ಪ್ರಿನ್ಸಿಪಾಲರ ಒಪ್ಪಿಗೆ, ನಾಳೆ ಬೆಳಗಾಗಲಿ ಎನ್ನುವುದೆಲ್ಲ ಬೇಡ. ಆ ಕ್ಷಣವೇ ಆಸ್ಪತ್ರೆಗೆ ಹೊರಡು.

ಪೊಲೀಸ್ ಕೇಸಾದರೆ ಎಂದು ನಿಮ್ಮ ಆಡಳಿತದವರು ಹೆದರಿಸಿಯಾರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದು ನೋಡಬೇಕು, ಶಿಕ್ಷಿಸಕೂಡದು. ಆ ಯತ್ನವನ್ನೇ ಅಪರಾಧ ಎನ್ನುತ್ತಿದ್ದ, ಹಿಂದೆ ದಂಡ ಸಂಹಿತೆಯಲ್ಲಿದ್ದ 309ನೇ ಸೆಕ್ಷನ್ 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಇಲ್ಲವೇ ಇಲ್ಲ. ನಿನ್ನ ಹುಡುಗಿಯ ವಿಷಯ ಅಲ್ಲಿಯವರೆಗೆ ಹೋಗಿಯೂ ಇಲ್ಲ.

ಖಿನ್ನತೆ ಅಂದರೆ ಮೂಲೆಯಲ್ಲಿ ಕೂತು ಕಣ್ಣೀರು ಹಾಕುವುದು ಎಂದು ನಾನೂ ಬಹಳ ಕಾಲ ತಿಳಿದಿದ್ದೆ. ಈ ವಯಸ್ಸಿನಲ್ಲಿ ಅದು ಎಷ್ಟೋ ಸಲ ಸಿಡುಕಿನ ರೂಪದಲ್ಲಿ ಬರುತ್ತದೆ. ಮಾತಿಗೆ ಮೊದಲು ರೇಗುವುದು, ಪದೇಪದೇ ಹೊಟ್ಟೆನೋವು, ತಲೆನೋವು, ರಾತ್ರಿಯೆಲ್ಲ ಎಚ್ಚರ, ಬೆಳಿಗ್ಗೆ ಎಬ್ಬಿಸಿದರೂ ಏಳದಿರುವುದು, ಇಷ್ಟಪಟ್ಟು ಆಡುತ್ತಿದ್ದ ಥ್ರೋಬಾಲ್ ಬಿಡುವುದು, ಮೆಸ್ಸಿನಲ್ಲಿ ತಟ್ಟೆಗೆ ಹಾಕಿಸಿಕೊಂಡ ಅನ್ನ ಹಾಗೇ ಉಳಿಯುವುದು. ಎರಡು ವಾರ ಕಳೆದರೂ ಇವು ಹೋಗದಿದ್ದರೆ ಅದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬಾರದು. 2015-16ರಲ್ಲಿ ನಿಮ್ಹಾನ್ಸ್‌ನವರು ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಶೇ 7.3ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. ನಿನ್ನ ಹಾಸ್ಟೆಲಿನಲ್ಲಿ ಮುನ್ನೂರು ಹುಡುಗಿಯರಿದ್ದರೆ ಇಪ್ಪತ್ತರ ಆಸುಪಾಸು ಎಂದು ಲೆಕ್ಕ ಹಾಕಿಕೋ. ಸ್ವೆಟರ್ ಹಾಕಿಕೊಂಡವಳು ಒಬ್ಬಳು ನಿನ್ನ ಕಣ್ಣಿಗೆ ಬಿದ್ದಿದ್ದಾಳೆ.

ಇನ್ನು ಅವಳ ಜೊತೆ ಮಾತಾಡುವುದು. ಆಫೀಸಿಗೆ ಕರೆಸಿ ಎದುರಿಗೆ ಕುರ್ಚಿ ಹಾಕಿ ಕೂರಿಸಬೇಡ, ಅದು ವಿಚಾರಣೆಯ ಹಾಗಾಗುತ್ತದೆ. ಮಕ್ಕಳು ಮಾತಾಡುವುದು ಕೈಗೆ ಏನಾದರೂ ಕೆಲಸ ಇದ್ದಾಗ, ನಮ್ಮ ಕಣ್ಣು ಅವರ ಮುಖದ ಮೇಲೆ ಇಲ್ಲದಾಗ. ಲ್ಯಾಬಿನ ಬಾಟಲಿಗಳಿಗೆ ಚೀಟಿ ಅಂಟಿಸಲು ಕರೆ. ಲೈಬ್ರರಿ ಪುಸ್ತಕಕ್ಕೆ ಬೈಂಡು ಹಾಕಲು ಕರೆ. ನನ್ನ ಆ ಹುಡುಗಿ ಕೊನೆಗೂ ಬಾಯಿಬಿಟ್ಟದ್ದು ಬಿಸಿಯೂಟದ ಅಕ್ಕಿ ಆರಿಸುತ್ತ ಕೂತಿದ್ದಾಗ. ಒಂದೊಂದೇ ಭತ್ತದ ಕಾಳು ತೆಗೆದು ನೆಲದ ಮೇಲೆ ಸಾಲಾಗಿ ಜೋಡಿಸುತ್ತ, ತಲೆ ಎತ್ತದೆ, ಹವಾಮಾನ ಹೇಳುವವರ ದನಿಯಲ್ಲಿ ಎಲ್ಲ ಹೇಳಿದಳು. ನಾನು ಮಧ್ಯೆ ಬಾಯಿ ಹಾಕದೆ ಇದ್ದದ್ದು ನನ್ನ ಪುಣ್ಯ.

"ಯಾಕೆ ಹೀಗೆ ಮಾಡಿಕೊಂಡೆ?" ಎಂದು ಕೇಳಬೇಡ, ಅವಳಿಗೇ ಗೊತ್ತಿರುವುದಿಲ್ಲ. "ನಿನ್ನ ಅಪ್ಪ ಅಮ್ಮ ಎಷ್ಟು ಕಷ್ಟಪಟ್ಟು ಓದಿಸುತ್ತಿದ್ದಾರೆ ಗೊತ್ತಾ?" ಎನ್ನಲೇಬೇಡ, ಅದು ಅವಳಿಗೆ ಗೊತ್ತಿರುವುದೇ ತೊಂದರೆ. "ತುಂಬಾ ಕಷ್ಟ ಆಗಿರಬೇಕು. ನನಗೆ ತಿಳಿದದ್ದು ಒಳ್ಳೆಯದಾಯಿತು. ನಾನಿದ್ದೇನೆ." ಇಷ್ಟು ಸಾಕು. ಹಸಿ ಗಾಯವಿದ್ದರೆ ಮೊದಲು ತೊಳೆದು ಮುಲಾಮು ಹಾಕು, ಅಡುಗೆ ಮನೆಯಲ್ಲಿ ಕೈ ಸುಟ್ಟುಕೊಂಡವಳಿಗೆ ಹಾಕುವಷ್ಟೇ ಸಲೀಸಾಗಿ. ಅವಳ ಟ್ರಂಕನ್ನು ಉಳಿದವರ ಮುಂದೆ ಬಿಚ್ಚಿ ಹುಡುಕಬೇಡ. ಏನೇನು ಅವಳ ಕೈಗೆ ಸಿಗದಿದ್ದರೆ ಒಳ್ಳೆಯದು ಎಂದು ಅವಳ ಜೊತೆಗೇ ಮಾತಾಡಿ, ಅವಳ ಕೈಯಿಂದಲೇ ಇಸಿದುಕೊಂಡು ನಿನ್ನ ಬೀರುವಿನಲ್ಲಿಡು. ಹಾಸ್ಟೆಲಿನ ಔಷಧಿ ಡಬ್ಬಕ್ಕೂ ಬೀಗವಿರಲಿ. ರಜೆಗೆ ಹೋದಾಗ ತೋಟದ ಔಷಧಿ, ಅಜ್ಜನ ಮಾತ್ರೆ ಎಲ್ಲ ಬೀಗದೊಳಗೆ ಇಡಬೇಕೆಂದು ಮನೆಯವರಿಗೂ ಹೇಳು. ನಮ್ಮ ಕಡೆಯ ಮನೆಗಳಲ್ಲಿ ಅವು ಜಗಲಿಯ ಮೂಲೆಯಲ್ಲೇ ಬಿದ್ದಿರುತ್ತವೆ.

ಆಣೆ ಬೇಡ ಎಂದೆನಲ್ಲ, ನೀನೂ ಅವಳಿಗೆ ಭಾಷೆ ಕೊಡಬೇಡ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಆಮೇಲೆ ಮುರಿದರೆ ಅವಳು ಇನ್ನು ಯಾರ ಹತ್ತಿರವೂ ಬರುವುದಿಲ್ಲ. "ಬೇಡದವರಿಗೆ ಹೇಳುವುದಿಲ್ಲ. ಹೇಳಲೇಬೇಕಾದವರಿಗೆ ಹೇಳುವ ಮೊದಲು ನಿನಗೆ ಹೇಳುತ್ತೇನೆ" ಎನ್ನು. ಹದಿನೆಂಟು ತುಂಬದ ಮಗುವಿನ ಚಿಕಿತ್ಸೆಗೆ ಹೆತ್ತವರು ಬರಲೇಬೇಕು. ಅವರಿಗೆ ಹೇಗೆ ಹೇಳೋಣ, ಅಮ್ಮನಿಗೆ ಮೊದಲೋ ಅಪ್ಪನಿಗೆ ಮೊದಲೋ, ತಾನು ಎದುರಿಗಿರಬೇಕೋ ಬೇಡವೋ ಎಂದು ಅವಳನ್ನೇ ಕೇಳು. ಮನೆಯವರಿಂದಲೇ ಅವಳಿಗೆ ಹಿಂಸೆ ಇದೆ ಎಂದು ಗೊತ್ತಾದರೆ ಮಾತ್ರ ದಾರಿ ಬೇರೆ, ಆಗ 1098ಕ್ಕೆ ಫೋನ್ ಮಾಡಬೇಕು, ಅದು ಮಕ್ಕಳ ಸಹಾಯವಾಣಿ. ಹೆತ್ತವರು ಬಂದಾಗ ಮೊದಲು ಬಯ್ಯುತ್ತಾರೆ, ಆಮೇಲೆ ಅಳುತ್ತಾರೆ. ಬಯ್ಗುಳ ಮುಗಿಯುವವರೆಗೆ ಹುಡುಗಿಯನ್ನು ಹೊರಗೆ ಕೂರಿಸಿಕೊಂಡಿರು. ಕಾಫಿ ಕೊಡು, ಅವರ ಸಿಟ್ಟು ನಿನ್ನ ಮೇಲೆ ತೀರಲಿ.

ಕಾಲೇಜಿನವರು ಹೆಸರು ಕೆಡುತ್ತದೆ, ಟಿಸಿ ಕೊಟ್ಟು ಕಳಿಸೋಣ ಎಂದರೆ ಹೆದರಬೇಡ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಹುಡುಗಿಯೊಬ್ಬಳು ತೀರಿಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರ ಜುಲೈಯಲ್ಲಿ ದೇಶದ ಎಲ್ಲ ವಿದ್ಯಾಸಂಸ್ಥೆಗಳಿಗೂ ಕೆಲವು ಕಟ್ಟಳೆ ಹಾಕಿದೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ತರಬೇತಾದ ಆಪ್ತ ಸಮಾಲೋಚಕರು ಇರಬೇಕು. ಅಂಕ ನೋಡಿ ಮಕ್ಕಳನ್ನು ಬೇರೆ ಬೇರೆ ಬ್ಯಾಚು ಮಾಡುವುದು, ಎಲ್ಲರೆದುರು ಹೀಯಾಳಿಸುವುದು ಆದಷ್ಟೂ ಕೂಡದು ಎಂದೂ ಅದರಲ್ಲಿದೆ. ನಿಮ್ಮ 'ಕೆಳಗಿನ ಸೆಕ್ಷನ್' ಯಾವ ಲೆಕ್ಕಕ್ಕೆ ಬರುತ್ತದೋ ಪ್ರಿನ್ಸಿಪಾಲರನ್ನೇ ವಿನಯದಿಂದ ಕೇಳು. ಕೆಲಸ ಹೋಗುವಷ್ಟು ಗಟ್ಟಿಯಾಗಿ ಬೇಡ. ಹೋದರೂ ಚಿಂತೆಯಿಲ್ಲ ಅನ್ನು, ದೊಡ್ಡಮ್ಮನ ಮನೆಯಲ್ಲಿ ಊಟಕ್ಕೆ ಬರವಿಲ್ಲ.

ಉಳಿದ ಹುಡುಗಿಯರ ಬಗ್ಗೆಯೂ ಎಚ್ಚರ. ಸಭೆ ಸೇರಿಸಿ ಇದರ ಮೇಲೆ ಭಾಷಣ ಮಾಡಿಸಬೇಡ. ಯಾರು, ಹೇಗೆ ಎಂಬ ವಿವರ ಹರಡಿದಷ್ಟೂ ಒಬ್ಬರನ್ನು ನೋಡಿ ಇನ್ನೊಬ್ಬರು ಹಿಡಿಯುವುದುಂಟು. ಅವಳ ರೂಮ್‌ಮೇಟಿಗೆ ಈ ಗುಟ್ಟು ಗೊತ್ತಿರುತ್ತದೆ ಎಂದು ನನ್ನ ಅಂದಾಜು. ಆ ಮಗು ರಾತ್ರಿಯೆಲ್ಲ ಕಾವಲು ಕಾಯುತ್ತಿರಬಹುದು. ಅವಳನ್ನೂ ಒಮ್ಮೆ ಬೇರೆ ಕರೆದು ಮಾತಾಡಿಸು.

ಡಾಕ್ಟರ ವಿಷಯ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಸರದಿಯ ಮೇಲೆ ಬರುತ್ತಾರೆ. ನಿಮ್ಮಲ್ಲಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿಕೋ. ಅಷ್ಟರಲ್ಲಿ ನಡುರಾತ್ರಿ ಏನಾದರೂ ಆದರೆ, ಅಥವಾ ನಿನಗೇ ದಿಕ್ಕು ತೋಚದಿದ್ದರೆ, 14416 ಒತ್ತು. ಅದು ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಹಾಸ್ಟೆಲಿನ ಎಲ್ಲ ಮಹಡಿಗಳಲ್ಲಿ ಮೆಸ್ಸಿನ ಮೆನುವಿನ ಪಕ್ಕ ಅಂಟಿಸು, ಯಾರಿಗೆಂದು ಹೇಳಬೇಕಾಗಿಲ್ಲ.

ಮಾತ್ರೆ ಬರೆದರೆ ಬೇಡ ಎನ್ನಬಾರದು. ಖಿನ್ನತೆಯ ಮಾತ್ರೆ ನಾಟಲು ಕೆಲವು ವಾರ ಬೇಕು, ಕ್ರೋಸಿನ್ನಿನ ಹಾಗೆ ನುಂಗಿದ ಕೂಡಲೇ ಅಲ್ಲ. ಈ ವಯಸ್ಸಿನವರಿಗೆ ಮೊದಲ ವಾರಗಳಲ್ಲಿ ತಳಮಳ ಹೆಚ್ಚಾಗಬಹುದು, ಹತ್ತಿರದ ನಿಗಾ ಬೇಕು. ಸ್ವಲ್ಪ ಗೆಲುವಾದಳೆಂದು ಮನೆಯವರು ತಾವಾಗಿಯೇ ನಿಲ್ಲಿಸಿಬಿಡುತ್ತಾರೆ, ಹಾಗಾಗದಂತೆ ನೋಡಿಕೋ. ಮಾತಿನ ಚಿಕಿತ್ಸೆಯೂ ಇದೆ. ಗಾಯ ಮಾಡಿಕೊಳ್ಳಬೇಕೆನ್ನುವ ಆ ತಹತಹ ಏರಿದ ಜ್ವರದ ಹಾಗೆ, ತಾನಾಗಿಯೇ ಇಳಿಯುತ್ತದೆ. ಇಳಿಯುವ ತನಕ ಏನು ಮಾಡಬೇಕು, ಯಾರ ಹತ್ತಿರ ಹೋಗಬೇಕು ಎಂದು ಅಲ್ಲಿ ಅಭ್ಯಾಸ ಮಾಡಿಸುತ್ತಾರೆ. ಅವಳ ಜೊತೆ ಕೂತು ಒಂದು ಚೀಟಿಯಲ್ಲಿ ಬರೆಸು: ಸಂಕಟ ಶುರುವಾಗುವುದು ಹೇಗೆ ಗೊತ್ತಾಗುತ್ತದೆ, ಆಗ ಎಲ್ಲಿಗೆ ಹೋಗುತ್ತೇನೆ, ಯಾರ ಬಾಗಿಲು ತಟ್ಟುತ್ತೇನೆ. ಕೊನೆಯಲ್ಲಿ ನಿನ್ನ ಹೆಸರು, 14416. ಪರ್ಸಿನಲ್ಲಿ ಇಟ್ಟುಕೊಳ್ಳಲಿ.

ಇಂಥ ಚಿಕಿತ್ಸೆಗಳಲ್ಲಿ ಹೆಸರಾದ ಡಿಬಿಟಿ ಎಂಬುದನ್ನು ರೂಪಿಸಿದವರು ಅಮೆರಿಕದ ಮಾರ್ಷಾ ಲಿನೆಹನ್. ಹದಿನೇಳರ ಹರೆಯದಲ್ಲಿ, 1961ರಲ್ಲಿ ಆಕೆ ಸ್ವತಃ ತನ್ನ ಮೈಗೆ ಗಾಯ ಮಾಡಿಕೊಂಡು ಮಾನಸಿಕ ಆಸ್ಪತ್ರೆಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಇದ್ದವರು. ಪ್ರೊಫೆಸರರಾಗಿ ಹೆಸರು ಮಾಡಿದ ಎಷ್ಟೋ ಕಾಲದ ಮೇಲೆ, 2011ರಲ್ಲಿ, ಅದನ್ನು ಎಲ್ಲರೆದುರು ಹೇಳಿಕೊಂಡರು. ನಮ್ಮ ಬೆಂಗಳೂರಿನ ಹುಡುಗಿ ದೀಪಿಕಾ ಪಡುಕೋಣೆ 2015ರಲ್ಲಿ ತನ್ನ ಖಿನ್ನತೆಯ ಬಗ್ಗೆ ಟಿವಿಯಲ್ಲಿ ಮಾತಾಡಿದ್ದು ನಿನಗೆ ನೆನಪಿರಬಹುದು. ಏನೋ ಸರಿಯಿಲ್ಲ ಎಂದು ಮೊದಲು ಗುರುತಿಸಿದ್ದು ಆಕೆಯ ತಾಯಿ. ನಿನ್ನ ಹುಡುಗಿಯ ಅಮ್ಮನಿಗೆ ಈ ಕೊನೆಯ ಮಾತು ಹೇಳು, ಉಪಯೋಗಕ್ಕೆ ಬಂದೀತು.

ನಮ್ಮ ಕಾಲಕ್ಕೆ ತ್ರಿವೇಣಿಯವರ 'ಶರಪಂಜರ' ಇತ್ತು. 1971ರಲ್ಲಿ ಪುಟ್ಟಣ್ಣ ಸಿನಿಮಾ ಮಾಡಿದಾಗ ನಾವೆಲ್ಲ ಕಾವೇರಿಯ ಪಾತ್ರದಲ್ಲಿ ಕಲ್ಪನಾರನ್ನು ನೋಡಿ ಅತ್ತು ಬಂದವರು. ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮನೆಯವರ, ನೆರೆಯವರ ನೋಟವೇ ಮತ್ತೆ ಕೆಡವಿತು. ಅಷ್ಟು ಅತ್ತವರೇ ಊರಿಗೆ ಬಂದು, ಮಾನಸಿಕ ಆಸ್ಪತ್ರೆಗೆ ಹೋಗಿಬಂದವರ ಮನೆಗೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡಿದೆವು. ಸಿ.ಆರ್. ಚಂದ್ರಶೇಖರ್ ಅವರಂಥ ಡಾಕ್ಟರು ದಶಕಗಟ್ಟಲೆ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದು ಜನಕ್ಕೆ ತಿಳಿಹೇಳಿದರು, 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಒಂದೆರಡು ಪುಸ್ತಕ ನನ್ನ ಹತ್ತಿರ ಇವೆ, ಬಸ್ಸಿನಲ್ಲಿ ಕಳಿಸುತ್ತೇನೆ. ಹಾಸ್ಟೆಲ್ ಲೈಬ್ರರಿಯಲ್ಲಿಡು.

ಅವಳು ಮತ್ತೆ ಮಾಡಿಕೊಳ್ಳಬಹುದು. ನಿನಗೆ ಇದನ್ನು ಈಗಲೇ ಹೇಳಿಬಿಡಬೇಕು. ಡಾಕ್ಟರು, ಮಾತ್ರೆ, ನಿನ್ನ ಪ್ರೀತಿ ಎಲ್ಲ ಇದ್ದೂ ಒಂದು ದಿನ ಅವಳ ತೋಳಿನಲ್ಲಿ ಹೊಸ ಗೆರೆ ಕಂಡೀತು. ಅಂದು ಸೋತೆ ಎಂದು ಕೂರಬೇಡ, ಅವಳ ಮೇಲೆ ಸಿಟ್ಟೂ ಮಾಡಬೇಡ. ಅಂದು ಅವಳು ಅದನ್ನು ಮುಚ್ಚಿಡದೆ ನಿನ್ನ ಬಾಗಿಲು ತಟ್ಟಿದರೆ ನೀನು ಮಾಡಬೇಕಾದ್ದು ಮಾಡಿದ್ದೀ ಎಂದು ಅರ್ಥ. ಆಣೆ ಹಾಕಿಸಿದ್ದರೆ ಅವಳು ತಟ್ಟುತ್ತಿರಲಿಲ್ಲ.

ನೀನು ಡಾಕ್ಟರಲ್ಲ, ಇಪ್ಪತ್ತಾರರ ಕೆಮಿಸ್ಟ್ರಿ ಲೆಕ್ಚರರ್. ಎಲ್ಲವನ್ನೂ ಒಬ್ಬಳೇ ಹೊರಬೇಡ, ಸ್ಟಾಫಿನಲ್ಲಿ ನಂಬಿಕೆಯವರು ಒಬ್ಬರಿಗಾದರೂ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ಈ ಭಾನುವಾರ ಅವಳನ್ನು ಲ್ಯಾಬಿಗೆ ಕರೆದು ಬಾಟಲಿಗಳಿಗೆ ಚೀಟಿ ಅಂಟಿಸಲು ಕೂರಿಸಿಕೋ. ಸೋಮವಾರ ಹೆತ್ತವರಿಗೆ ಫೋನ್ ಮಾಡು. ಡಾಕ್ಟರು ಬರುವ ಮಂಗಳವಾರ ನೀನೇ ಜೊತೆಗೆ ಹೋಗು, ಆಯಾ ಜೊತೆ ಕಳಿಸಬೇಡ. ಹೋಗಿಬಂದ ಮೇಲೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ಇತಿ,
ನಿನ್ನ ದೊಡ್ಡಮ್ಮ